ಸಸೆಕ್ಸ್ ಕೌಂಟಿಯ ವಿಭೂತಿ

ರಾಜಶೇಖರ ಉಪ್ಪಿನನಿಗೆ ತಾನು ಹತ್ತಿದ್ದೇನೆ ಎಂದು ಹೇಳಿಕೊಳ್ಳಲು ಒಂದು ಬೆಟ್ಟವೂ ಇರಲಿಲ್ಲ.

ಬೇರೆ ಊರಲ್ಲಾದರೆ ಇದನ್ನು ಯಾರೂ ಗಮನಿಸುತ್ತಿರಲಿಲ್ಲ. ನ್ಯೂಜೆರ್ಸಿಯ ಮನ್ರೋದಲ್ಲಿ ಗಮನಿಸುತ್ತಿದ್ದರು. ಅಲ್ಲಿಯ ಕನ್ನಡಿಗರು ಮನೆಗೊಂದು ಅಡುಗೆ ತಂದು ಸೇರುವ ಶನಿವಾರದ ಪಾಟ್‌ಲಕ್ ಊಟಗಳಲ್ಲಿ ಗಂಡಸರು ತಟ್ಟೆ ಹಿಡಿದು ನಿಂತಾಗ ಮಾತು ಮೊದಲು ಮಾರ್ಟ್‌ಗೇಜ್ ದರಕ್ಕೆ, ಆಮೇಲೆ ಗ್ರೀನ್ ಕಾರ್ಡ್ ಸಾಲಿಗೆ, ಕೊನೆಗೆ ಬೆಟ್ಟಕ್ಕೆ ಬರುತ್ತಿತ್ತು. ಒಬ್ಬ ಪೆರುವಿಗೆ ಹೋಗಿ ಬಂದಿರುತ್ತಿದ್ದ, ಇನ್ನೊಬ್ಬ ಐಸ್‌ಲ್ಯಾಂಡಿಗೆ. ಸರಿಯಾಗಿ ಅದೇ ಹೊತ್ತಿಗೆ ರಾಜಶೇಖರನಿಗೆ ಮೊಸರನ್ನ ಬೇಕೆನಿಸುತ್ತಿತ್ತು, ಅವನು ಅಡುಗೆಮನೆಯ ಕಡೆ ಹೋಗುತ್ತಿದ್ದ. ಅವನಿಗೆ ನಲವತ್ತಮೂರು ವರ್ಷ. ಒಂದು ಇನ್ಶೂರೆನ್ಸ್ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ. ಅಮೆರಿಕದಲ್ಲಿ ಅವನು ಕಾಲಿನಿಂದ ಹತ್ತಿದ ಅತಿ ಎತ್ತರದ ಜಾಗ ಆಫೀಸಿನ ಮೂರನೇ ಮಹಡಿ, ಅದೂ ಎಲಿವೇಟರ್ ಕೆಟ್ಟ ದಿನ.

ಇದನ್ನೂ ಸಹಿಸಬಹುದಿತ್ತು. ಆದರೆ ಆ ವರ್ಷ ಮಾರ್ಚ್‌ನಲ್ಲಿ ಅತ್ತೆ ಶಿವಲಿಂಗಮ್ಮ ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದರು. ಅವರಿಗೆ ಇಬ್ಬರು ಅಳಿಯಂದಿರು. ದೊಡ್ಡವನು ಟೆಕ್ಸಾಸಿನಲ್ಲಿ ಹೃದಯದ ಡಾಕ್ಟರು. ಹಿಂದಿನ ವರ್ಷ ಆಫ್ರಿಕಾಕ್ಕೆ ಹೋಗಿ ಕಿಲಿಮಂಜಾರೋ ಹತ್ತಿ ಇಳಿದಿದ್ದ. ಆ ಫೋಟೋ ಶಿವಲಿಂಗಮ್ಮನವರ ಫೋನ್ ತೆರೆದ ಕೂಡಲೇ ಕಾಣುತ್ತಿತ್ತು. ಸಣ್ಣ ಅಳಿಯನನ್ನು ಅವರು ಎಂದೂ ಬೈದಿರಲಿಲ್ಲ, ಹೊಗಳಿಯೂ ಇರಲಿಲ್ಲ. ಹನ್ನೆರಡು ವರ್ಷಗಳಲ್ಲಿ ಅವನ ಬಗ್ಗೆ ಬೀಗರ ಮುಂದೆ ಅವರು ಆಡಿದ್ದು ಒಂದೇ ಮಾತು: "ಹೊತ್ತಿಗೆ ಸರಿಯಾಗಿ ಉಣತಾರ್ರಿ."

ಸೆಪ್ಟೆಂಬರ್ ಹತ್ತಕ್ಕೆ ಅವರ ವಿಮಾನ. ಅಷ್ಟರೊಳಗೆ ಅವರ ಬಾಯಿಂದ ತನ್ನ ಬಗ್ಗೆ ಎರಡನೆಯ ಮಾತೊಂದು ಬರಬೇಕೆಂದು ರಾಜಶೇಖರ ಬಯಸಿದ್ದ. ಊಟಕ್ಕೆ ಸಂಬಂಧಪಡದ ಯಾವ ಮಾತಾದರೂ ನಡೆಯುತ್ತಿತ್ತು.

ಆಗಸ್ಟ್‌ನಲ್ಲಿ ಐಸೆಲಿನ್‌ನ ಭಾರತೀಯ ಅಂಗಡಿಬೀದಿಯ ಒಂದು ಹೋಟೆಲಿನಲ್ಲಿ ದೋಸೆ ತಿನ್ನುವಾಗ ಗೆಳೆಯ ಶ್ರೀನಿ ವಿಷಯ ತೆಗೆದ. ಶ್ರೀನಿ ಮೈಸೂರಿನವನು, ಪ್ರಾಜೆಕ್ಟ್ ಮ್ಯಾನೇಜರ್. ಉಪ್ಪಿಟ್ಟು ಮಾಡುವುದಕ್ಕೂ ಸ್ಪ್ರೆಡ್‌ಶೀಟ್ ತೆರೆಯುವ ಮನುಷ್ಯ.

"ನಮ್ಮ ನ್ಯೂಜೆರ್ಸಿಲೇ ಒಂದು ವಾಲ್ಕೇನೋ ಇದೆ ಗೊತ್ತೇನ್ರೀ? ಸಸೆಕ್ಸ್ ಕೌಂಟಿಲಿ. ಒಂದೂವರೆ ಗಂಟೆ ಡ್ರೈವ್ ಅಷ್ಟೆ. ಪಕ್ಕದಲ್ಲೇ ಗುಡ್ಡದ ಸಾಲಿನ ಮೇಲೆ ನಡೆದು ಹೋಗೋ ಟ್ರೇಲ್ ಇದೆ. ಮೂರು ದಿನ, ಎರಡು ರಾತ್ರಿ, ಶೆಲ್ಟರ್‌ನಲ್ಲಿ ಮಲಗೋದು."

"ಉರೀತೈತೇನು?" ಎಂದು ಕೇಳಿದವನು ಗುರು, ಬಾಗಲಕೋಟೆ ಕಡೆಯವನು, ಫಾರ್ಮಾ ಕಂಪನಿಯಲ್ಲಿ ಕೆಮಿಸ್ಟ್.

"ನಲವತ್ನಾಲ್ಕು ಕೋಟಿ ವರ್ಷದ ಹಿಂದೆ ನಿಂತಿದೆ."

"ಹಂಗಾದ್ರ ಸೇಫ್ ಐತಿ ಬಿಡು," ಎಂದ ರಾಜಶೇಖರ. ಮೂವರೂ ಸೆಪ್ಟೆಂಬರ್ ಮೊದಲ ಸೋಮವಾರದ ರಜೆಯಾದ ಲೇಬರ್ ಡೇ ವಾರಾಂತ್ಯಕ್ಕೆ, ಶುಕ್ರವಾರವೇ ಹೊರಟು ಹೋಗುವುದೆಂದು ತೀರ್ಮಾನವಾಯಿತು.

ಅದೇ ದಿನ ಊಟಕ್ಕೆ ಕೂತಾಗ ರಾಜಶೇಖರ ರೊಟ್ಟಿ ಮುರಿಯುತ್ತ, ಯಾರಿಗೂ ಹೇಳದಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ: "ಲೇಬರ್ ಡೇ ವೀಕೆಂಡಿಗೆ ನಾ ಇರಂಗಿಲ್ಲ. ಮೂರು ದಿನ ಅಗ್ನಿಪರ್ವತದ ಹೈಕಿಗೆ ಹೊಂಟೀವಿ."

ಶಿವಲಿಂಗಮ್ಮನವರ ಕೈ ಪಲ್ಯದ ಮೇಲೆ ನಿಂತಿತು. ಮಾರ್ಚ್‌ನಿಂದ ಮೊದಲ ಬಾರಿಗೆ ಅವರು ಅಳಿಯನ ಮುಖವನ್ನು ನೇರವಾಗಿ ನೋಡಿದರು.

"ಬೆಂಕಿ ಉಗಳತೈತಲ್ರಿ, ಅದಾ?"

"ಹೌದ್ರಿ. ಅಂದ್ರ, ಈಗ ಸ್ವಲ್ಪ ಕಡಿಮಿ ಆಗೈತ್ರಿ."

ಭೂವಿಜ್ಞಾನದ ದೃಷ್ಟಿಯಿಂದ ಈ ವಾಕ್ಯದಲ್ಲಿ ತಪ್ಪು ಹುಡುಕುವುದು ಕಷ್ಟ. ಹನ್ನೊಂದು ವರ್ಷದ ಮಗಳು ಅಕ್ಷತಾ ಮಾತ್ರ ಫೋನಿನಿಂದ ತಲೆಯೆತ್ತಿ, "ಡ್ಯಾಡ್, ಇಟ್ಸ್ ಎಕ್ಸ್‌ಟಿಂಕ್ಟ್. ಇಟ್ಸ್ ಲೈಕ್, ಅ ಹಿಲ್ ವಿತ್ ಟ್ರೀಸ್," ಎಂದಳು.

"ಏನಂತಾಳ ಕೂಸು?" ಎಂದರು ಅಜ್ಜಿ.

"ಹುಷಾರಾಗಿ ಹೋಗಿ ಬರ್ರಿ ಅನ್ನಾಕತ್ತಾಳವ್ವಾ," ಎಂದಳು ಹೆಂಡತಿ ನಂದಾ. ಇದು ಗಂಡನ ಮಾನ ಉಳಿಸಲು ಹೇಳಿದ್ದಲ್ಲ. ಅವಳಿಗೆ ಊಟ ಬೇಗ ಮುಗಿಯಬೇಕಿತ್ತು. ಎಂಟೂವರೆಗೆ ಮೀಟಿಂಗ್ ಇತ್ತು.

ಕೈ ತೊಳೆದು ಬಂದ ಶಿವಲಿಂಗಮ್ಮ ಸೋಫಾದ ತುದಿಯಲ್ಲಿ ಕೂತು ಕೇಳಿದರು. "ಅಳಿಯಾರ, ಅದರ ಬೂದಿ ಸಿಗತೈತೇನ್ರಿ?"

ಈ ಪ್ರಶ್ನೆಗೆ ಹಿನ್ನೆಲೆ ಇತ್ತು. ಅವರು ಊರಿಂದ ತಂದ ಎರಡು ವಿಭೂತಿ ಗಟ್ಟಿಗಳು ಜುಲೈನಲ್ಲೇ ಮುಗಿದಿದ್ದವು. ನಂದಾ ಐಸೆಲಿನ್‌ನಿಂದ ತಂದುಕೊಟ್ಟ ಗಟ್ಟಿಯನ್ನು ಅವರು ಉಗುರಿನಿಂದ ಒಮ್ಮೆ ಕೆರೆದು, "ಸುಣ್ಣ" ಎಂದು ಕಿಟಕಿಯ ಮೇಲೆ ಇಟ್ಟುಬಿಟ್ಟಿದ್ದರು. ಅಂದಿನಿಂದ ಹಳೆಯ ಗಟ್ಟಿಯ ಪುಡಿಯನ್ನೇ ನೀರು ಚಿಮುಕಿಸಿ ಚಿಮುಕಿಸಿ ಲಿಂಗಪೂಜೆ ನಡೆಸಿದ್ದರು. ಹಣೆಯ ಮೇಲಿನ ಮೂರು ಗೆರೆ ಒಂದಾಗಿ, ಆ ಒಂದೂ ಈಗ ದೂರದಿಂದ ಕಾಣುತ್ತಿರಲಿಲ್ಲ.

"ಆಕಳ ಸಗಣಿ ಸುಟ್ರ ವಿಭೂತಿ," ಎಂದರು ಅವರು ನಿಧಾನವಾಗಿ. "ಭೂಮಿತಾಯಿ ತನ್ನ ಹೊಟ್ಟಿ ತಾನ ಸುಟ್ಟಕೊಂಡ್ರ, ಅದು ಎಂಥಾ ವಿಭೂತಿ ಇರಬೇಕು."

ಅಲ್ಲಿ ಬೂದಿ ಇಲ್ಲ, ಓಕ್ ಮರಗಳಿವೆ ಎಂದು ಹೇಳಲು ರಾಜಶೇಖರನಿಗೆ ಪೂರ್ತಿ ಹತ್ತು ಸೆಕೆಂಡು ಸಮಯವಿತ್ತು. ಅವನು, "ತರ್ತೀನ್ರಿ," ಎಂದ.

ಮರುದಿನ ಬೆಳಿಗ್ಗೆ ಶಿವಲಿಂಗಮ್ಮ ವಾಕಿಂಗ್‌ನಲ್ಲಿ ಇದನ್ನು ಈಶಣ್ಣನವರಿಗೆ ಹೇಳಿದರು. ಈಶಣ್ಣ ನಿವೃತ್ತ ಸಿವಿಲ್ ಎಂಜಿನಿಯರು, ಮನ್ರೋದ ಲಿಂಗಾಯತ ಮನೆಗಳ ಎಲ್ಲ ಪೂಜೆಗೂ ಹಿರಿಯರು, ವಾಟ್ಸ್ಯಾಪ್ ಗುಂಪಿಗೆ ಅಡ್ಮಿನ್ನು. ಅವರಿಗೆ ಹೇಳಿದ ವಿಷಯ ಒಬ್ಬರಿಗೆ ಹೇಳಿದಂತಾಗುವುದಿಲ್ಲ. ಹತ್ತು ನಿಮಿಷದಲ್ಲಿ ಅವರೇ ರಾಜಶೇಖರನ ಬಾಗಿಲು ತಟ್ಟಿದರು.

"ತಮ್ಮಾ, ಹವಾಯಿ ಟಿಕೆಟ್ ಯಾವಾಗ ತಗೊಂಡಿ?"

"ಇಲ್ರೀ ಕಾಕಾ, ಡ್ರೈವ್ ಮಾಡ್ತೀವ್ರಿ."

ಅಮೆರಿಕದಲ್ಲಿ ಉರಿಯುವ ಅಗ್ನಿಪರ್ವತವೆಂದರೆ ಈಶಣ್ಣನವರಿಗೆ ಹವಾಯಿಯೇ. ಹವಾಯಿಗೂ ನ್ಯೂಜೆರ್ಸಿಗೂ ನಡುವೆ ಸಮುದ್ರವಿದೆಯೆಂಬುದು ಅವರಿಗೆ ಗೊತ್ತಿತ್ತು. ವಿಮಾನ ನಿಲ್ದಾಣದವರೆಗೆ ಡ್ರೈವ್ ಮಾಡುತ್ತಾನೆ ಎಂದು ಅರ್ಥ ಮಾಡಿಕೊಂಡು ಸಮಾಧಾನವಾದರು. "ಟೆಂಪರೇಚರ್ ಎಷ್ಟಿರತೈತಿ?"

"ಸೀಸನ್ ಮ್ಯಾಲೆ ಹೋಗತೈತ್ರಿ."

"ಛಲೋ ಆತು. ಈ ಸಲ ಶ್ರಾವಣದ ಕಡೀ ಸೋಮವಾರನೂ ಲೇಬರ್ ಡೇನೂ ಒಂದ ದಿನ ಬಂದಾವು. ಎಲ್ಲಾರಿಗೂ ರಜಾ. ನಿಮ್ಮ ಮನ್ಯಾಗ ಸಾಮೂಹಿಕ ಪೂಜಾ ಇಡೂಣು. ನೀ ಬೂದಿ ತಾ, ನಾವು ಹಚ್ಚಿಕೊಳ್ಳೂಣು."

ಸಂಜೆಗೆ ಅವರು ಒಂದು ಡಬ್ಬಿ ಜಿಪ್‌ಲಾಕ್ ಚೀಲಗಳನ್ನು ತಂದುಕೊಟ್ಟರು. ಪ್ರತಿ ಚೀಲದ ಮೇಲೂ ಒಂದೊಂದು ಮನೆಯ ಹೆಸರು ಬರೆದಿತ್ತು. ಪಕ್ಕದ ರಾಜ್ಯದಲ್ಲಿದ್ದ ಬೆಲ್‌ರೋಸ್‌ನ ಎರಡು ಮನೆಗಳೂ ಸೇರಿದ್ದವು. ಆ ಎರಡು ಚೀಲ ಮಾತ್ರ ದೊಡ್ಡವು.

ಹೊರಡುವ ಹಿಂದಿನ ಸಂಜೆ ಜನ ಬಂದು ಹೋದರು. ಎದುರುಮನೆಯ ಮಾಳವಿಕಾ ಆಂಟಿ ಕೋವಿಡ್ ಕಾಲದ ಮಾಸ್ಕುಗಳ ಪೊಟ್ಟಣ ಕೊಟ್ಟು, ಗಂಧಕದ ಹೊಗೆ ಗಂಟಲಿಗೆ ಕೆಟ್ಟದ್ದು ಎಂದರು. ಒಬ್ಬರು ರಬ್ಬರ್ ಅಡಿಯ ಬೂಟು ಬೇಡ, ಕರಗುತ್ತದೆ ಎಂದರು. ಇನ್ನೊಬ್ಬರು ಟರ್ಮ್ ಇನ್ಶೂರೆನ್ಸ್ ಎಷ್ಟಿದೆ ಎಂದು ನಂದಾಳನ್ನು ಬದಿಗೆ ಕರೆದು ಕೇಳಿದರು. "ಐತ್ರಿ, ಸಾಕಷ್ಟೈತಿ," ಎಂದಳು ಅವಳು.

ಶಿವಲಿಂಗಮ್ಮ ಕಡೆಯಲ್ಲಿ ಒಂದು ಗಂಟು ತಂದರು. ಅದರಲ್ಲಿ ಕುಪ್ಪಸದ ಹಸಿರು ಖಣ, ಒಂದು ತೆಂಗಿನಕಾಯಿ, ಎರಡು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ ಇದ್ದವು. "ಹೆಣ್ಣಮಕ್ಕಳ ತುಂಬೋದು ಇದು, ಖರೆ. ಆದ್ರ ನೀವ ಹೊಂಟೀರಿ. ತಾಯಿಗೆ ಉಡಿ ತುಂಬಿ, ಆಮ್ಯಾಲೆ ಬೂದಿ ಕೇಳಿ ತಗೋಬೇಕು. ಕೇಳಲಾರದ ತಗೋಬ್ಯಾಡ್ರಿ."

"ಆಗಲಿರಿ," ಎಂದ ರಾಜಶೇಖರ.

ಮೊದಲ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶ್ರೀನಿಯ ಸ್ಪ್ರೆಡ್‌ಶೀಟಿನಲ್ಲಿ ಎಂಟು ಮೈಲಿ ಇತ್ತು, ನೆಲದ ಮೇಲೂ ಎಂಟು ಮೈಲಿಯೇ ಇತ್ತು, ಆದರೆ ಸ್ಪ್ರೆಡ್‌ಶೀಟಿನಲ್ಲಿ ಕಲ್ಲುಗಳಿರಲಿಲ್ಲ. ರಾಜಶೇಖರ ತನ್ನ ಬೂಟನ್ನು ಅಂಗಡಿಯಲ್ಲಿ ಕೂತು ಆರಿಸಿದ್ದ. ಅದು ಕೂತಾಗ ಹಿತವಾಗಿತ್ತು. ನಾಲ್ಕನೆಯ ಮೈಲಿಯಲ್ಲಿ ಅವನು ತೆಂಗಿನಕಾಯಿಯನ್ನು ಬೆನ್ನುಚೀಲದಿಂದ ತೆಗೆದು ಕೈಯಲ್ಲಿ ಹಿಡಿದ. ಆರನೆಯದರಲ್ಲಿ ಗುರುವಿಗೆ ಕೊಟ್ಟ. ಏಳನೆಯದರಲ್ಲಿ ಗುರು ವಾಪಸು ಕೊಟ್ಟ. ಶೆಲ್ಟರ್ ಎಂದರೆ ಮೂರು ಗೋಡೆಯ ಮರದ ಮನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದರು. ಅಲ್ಲಿ ಕರಡಿಗಳಿರುವುದರಿಂದ ವಾಸನೆ ಬರುವ ಸಾಮಾನನ್ನೆಲ್ಲ ಹೊರಗಿನ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು ಎಂದು ಬೋರ್ಡು ಇತ್ತು. ಶ್ರೀನಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ.

ಎರಡನೆಯ ದಿನ ಮಧ್ಯಾಹ್ನ ಗುಡ್ಡದ ಸಾಲಿನ ಬೋಳು ಬಂಡೆಯ ಮೇಲೆ ನಿಂತು ಶ್ರೀನಿ ಕೈ ತೋರಿಸಿದ. "ಅದೇ."

ರಾಜಶೇಖರ ಮೇಲೆ ನೋಡಿದ.

"ಮೇಲಲ್ಲ ಕಣ್ರೀ, ಕೆಳಗೆ."

ಅಗ್ನಿಪರ್ವತ ಅವರ ಕೆಳಗಿತ್ತು. ಹೊಲಗಳ ನಡುವೆ, ಒಂದು ಕೆಂಪು ಕೊಟ್ಟಿಗೆಯ ಹಿಂದೆ, ಹಸಿರು ಮರಗಳನ್ನು ಹೊದ್ದುಕೊಂಡು, ಮಧ್ಯಾಹ್ನ ಉಂಡು ಮಲಗಿದ ಯಜಮಾನರಂತೆ ಇತ್ತು. ಅದನ್ನು ನೋಡಲು ಅವರು ಅದಕ್ಕಿಂತ ಎತ್ತರಕ್ಕೆ ಹತ್ತಿ ಬಂದಿದ್ದರು.

"ಇದರ ಬೂದಿ?" ಎಂದ ರಾಜಶೇಖರ.

"ಇದ್ದ ಬೂದಿ ಕಲ್ಲಾಗಿ, ಕಲ್ಲು ಮಣ್ಣಾಗಿ, ಮಣ್ಣಲ್ಲಿ ಜೋಳ ಬೆಳೆದಿದಾರೆ. ನಲವತ್ನಾಲ್ಕು ಕೋಟಿ ವರ್ಷ ಅಂದ್ನಲ್ಲ." ಶ್ರೀನಿ ನೀರು ಕುಡಿದ. ಸಮಾಧಾನ ಹೇಳುವ ಉದ್ದೇಶದಿಂದ ಮುಂದುವರಿಸಿದ: "ವಾಲ್ಕೇನೋ ಎಲ್ಲಾ ಉರೀತಾನೇ ಇರಬೇಕು ಅಂತಿಲ್ಲ. ಈಗ ಕಿಲಿಮಂಜಾರೋನೇ ತಗೊಳ್ಳಿ. ಅದೂ ವಾಲ್ಕೇನೋನೇ."

ರಾಜಶೇಖರ ಬಂಡೆಯ ಮೇಲೆ ಕೂತ. "ಏನಂದಿ?"

"ಕಿಲಿಮಂಜಾರೋ. ಅದು ನಿಜವಾದ ವಾಲ್ಕೇನೋ. ಹತ್ತೊಂಬತ್ತು ಸಾವಿರ ಅಡಿ."

ಷಡ್ಡಕ ಈ ವಿಷಯದಲ್ಲೂ ಮೊದಲೇ ಮುಗಿಸಿ ಬಂದಿದ್ದ. ರಾಜಶೇಖರ ಸುಮಾರು ಹೊತ್ತು ಕೆಂಪು ಕೊಟ್ಟಿಗೆಯನ್ನೇ ನೋಡಿದ. ಅದರ ಮುಂದಿನ ಹುಲ್ಲುಗಾವಲಿನಲ್ಲಿ ಕಪ್ಪು ಬಿಳುಪಿನ ಚುಕ್ಕೆಗಳು ಓಡಾಡುತ್ತಿದ್ದವು.

"ಗುರು, ಅವು ಆಕಳ ಅಲ್ಲೇನು?"

ಗುರು ಕಣ್ಣು ಕಿರಿದು ಮಾಡಿ ನೋಡಿದ. ಅವನು ಹದಿನೆಂಟು ವರ್ಷದವರೆಗೆ ಮನೆಯ ದನ ಕಾಯ್ದವನು. ಗೆಳೆಯನ ಮನಸ್ಸಿನಲ್ಲಿ ಏನಿದೆಯೆಂದು ಅವನಿಗೆ ಹೊಳೆಯಲು ತಡವಾಗಲಿಲ್ಲ. "ಆಕಳ ಅಂದಮ್ಯಾಲೆ ಸಗಣಿ ಇರತೈತಿ. ಸಗಣಿ ಅಗ್ನಿಪರ್ವತದ ಬುಡದಾಗ ಬಿದ್ದೈತಿ. ಅದನ್ನ ಸುಟ್ರ, ಅದು ಅಗ್ನಿಪರ್ವತದ ಬೂದಿನ."

"ಇದು ಫ್ರಾಡ್," ಎಂದ ಶ್ರೀನಿ.

"ಫ್ರಾಡ್ ಹೆಂಗಾಕ್ಕೈತಿ? ನಾವು ವಿಭೂತಿ ಬದಲಿ ಸುಣ್ಣ ಕೊಡಾಕತ್ತಿಲ್ಲ. ವಿಭೂತಿ ಬದಲಿ ವಿಭೂತಿ ಕೊಡಾಕತ್ತೀವಿ."

ಮೂವರೂ ಇಳಿದರು.

ಡೈರಿಯ ಯಜಮಾನ ಎತ್ತರದ ಮುದುಕ. ಮೂವರು ಭಾರತೀಯರು ಬೆನ್ನುಚೀಲ ಹೊತ್ತು ಬಂದು ಸಗಣಿ ಕೇಳಿದಾಗ ಅವನು ಟ್ರ್ಯಾಕ್ಟರ್ ಆಫ್ ಮಾಡಿ, ಎಷ್ಟು ಟನ್ ಎಂದು ವಿಚಾರಿಸಿದ. ಒಂದು ಚೀಲ ಸಾಕು, ಒಣಗಿದ್ದೇ ಆಗಬೇಕು ಎಂದರು. ನಿಮ್ಮ ತೋಟ ಅಷ್ಟು ಸಣ್ಣದೇ ಎಂದ. ತೋಟಕ್ಕಲ್ಲ, ಹಣೆಗೆ ಎಂದು ರಾಜಶೇಖರ ಬೆರಳಿನಿಂದ ತೋರಿಸಿದ. ಮುದುಕ ಹೆಂಡತಿಯನ್ನು ಕರೆದ.

ಅವಳು ಅಂಗಳಕ್ಕೆ ಬಂದದ್ದನ್ನು ಕಂಡು ಗುರು ರಾಜಶೇಖರನನ್ನು ಮೊಣಕೈಯಿಂದ ತಿವಿದ. "ಉಡಿ ಕೊಡೋ."

"ಭೂಮಿತಾಯಿಗೆ ಅಂತ ಕೊಟ್ಟಾರೋ."

"ಭೂಮಿ ಯಾರ ಹೆಸರಿಗೈತಿ? ಆಕಿನ ಭೂಮಿತಾಯಿ. ಕೊಡು."

ರಾಜಶೇಖರ ಖಣ ಬಿಚ್ಚಿ, ಅಕ್ಕಿ, ಅರಿಷಿಣ, ಅಡಿಕೆ ಇಟ್ಟು, ಎರಡು ದಿನ ಹೊತ್ತ ತೆಂಗಿನಕಾಯಿಯನ್ನು ಅವಳ ಕೈಗೆ ಕೊಟ್ಟ. ಮುದುಕಿ ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡಿ ಒಳಗೆ ಹೋದಳು. ಒಂದು ಡಜನ್ ಮೊಟ್ಟೆ ತಂದು ಕೊಟ್ಟಳು. ಬೇಡವೆನ್ನುವುದು ಮರ್ಯಾದೆಯಲ್ಲವೆಂದು ಶ್ರೀನಿ ತೆಗೆದುಕೊಂಡ. ಗುರು ಬೇಲಿಯ ಉದ್ದಕ್ಕೂ ನಡೆದು, ಬಿಸಿಲಿಗೆ ಬಿದ್ದು ತಿಂಗಳಾದ ಸಗಣಿ ಯಾವುದು, ಮೇಲೆ ಒಣಗಿ ಒಳಗೆ ಹಸಿ ಇರುವುದು ಯಾವುದು ಎಂದು ಕಾಲಿನಿಂದ ಮುಟ್ಟಿ ಹೇಳಿದ. ರಾಜಶೇಖರ ಕೈಯಿಂದ ಮುಟ್ಟಿ ಕಲಿತ. ಬಟ್ಟೆ, ಹೊದಿಕೆಯೆಲ್ಲ ಗೆಳೆಯರ ಚೀಲಗಳಿಗೆ ಹೋದವು. ಅವನ ಬೆನ್ನುಚೀಲದ ತುಂಬ ಒಣ ಸಗಣಿಯ ಕುಳ್ಳು.

ಆ ಟ್ರೇಲಿನ ಮೇಲೆ ಬೆಂಕಿ ಹಚ್ಚುವಂತಿಲ್ಲ ಎಂಬ ಬೋರ್ಡನ್ನು ಶ್ರೀನಿ ತೋರಿಸಿದ್ದು ಮತ್ತೆ ಮೇಲೆ ಹತ್ತಿದ ಮೇಲೆ. ನಿಯಮಪ್ರಕಾರ ವಾಸನೆಯ ಸಾಮಾನನ್ನು ಕರಡಿಪೆಟ್ಟಿಗೆಯಲ್ಲಿಡಬೇಕಾದ್ದರಿಂದ ಕುಳ್ಳನ್ನು ಅಲ್ಲಿಟ್ಟರು, ಮೊಟ್ಟೆಗಳ ಪಕ್ಕದಲ್ಲಿ.

ಮೂರನೆಯ ದಿನ ಬೆಳಿಗ್ಗೆ ರೇಂಜರ್ ಬಂದ. ಪೆಟ್ಟಿಗೆ ತೆರೆದು ನೋಡಿ, ಮುಚ್ಚಿ, ಮತ್ತೆ ತೆರೆದ. ಇಪ್ಪತ್ತು ವರ್ಷದ ಕೆಲಸದಲ್ಲಿ ಅವನು ಆ ಪೆಟ್ಟಿಗೆಗಳಲ್ಲಿ ಪಿಟ್ಸಾ, ಟೂತ್‌ಪೇಸ್ಟು, ಒಮ್ಮೆ ಒಂದು ಮದುವೆ ಕೇಕು ಕಂಡಿದ್ದನಂತೆ. "ಇದು ನಿಮ್ಮದೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅಂದರೆ, ಹಸುವಿನದು," ಎಂದ ರಾಜಶೇಖರ. "ಆದರೆ ತಂದವರು ನಾವು."

ರೇಂಜರ್ ಸಾವಕಾಶವಾಗಿ ವಿವರಿಸಿದ. ಇಲ್ಲಿಯದನ್ನು ಏನನ್ನೂ ಒಯ್ಯುವಂತಿಲ್ಲ, ಹೊರಗಿನದನ್ನು ಏನನ್ನೂ ಬಿಡುವಂತಿಲ್ಲ. ಸಗಣಿ ಹೊರಗಿನದಾದ್ದರಿಂದ ಬಿಡುವಂತಿಲ್ಲ. ಸುಡಬೇಕಿದ್ದರೆ ಕೆಳಗಿನ ಪಿಕ್ನಿಕ್ ಜಾಗದ ಕಬ್ಬಿಣದ ಗ್ರಿಲ್‌ನಲ್ಲಿ ಸುಡಬಹುದು. ಗ್ರಿಲ್‌ನಲ್ಲಿ ಏನು ಸುಡಬಹುದು ಎಂಬುದರ ಬಗ್ಗೆ ನಿಯಮದಲ್ಲಿ ಏನೂ ಬರೆದಿಲ್ಲ. ಇದನ್ನು ಹೇಳುವಾಗ ಅವನು ಸ್ವಲ್ಪ ದುಃಖಿತನಾಗಿದ್ದ.

ಲೇಬರ್ ಡೇ ಹಿಂದಿನ ಭಾನುವಾರ. ಪಿಕ್ನಿಕ್ ಜಾಗದಲ್ಲಿ ಹತ್ತಿಪ್ಪತ್ತು ಕುಟುಂಬಗಳು ಬರ್ಗರ್ ಸುಡುತ್ತಿದ್ದವು. ಗುರು ಕುಳ್ಳು ಜೋಡಿಸಿ ಬೆಂಕಿ ಕೊಟ್ಟ. ಐದು ನಿಮಿಷದಲ್ಲಿ ಗಾಳಿ ಬೀಸುವ ಕಡೆಯ ಮೇಜುಗಳು ಖಾಲಿಯಾದವು. ಹತ್ತು ನಿಮಿಷದಲ್ಲಿ ಗಾಳಿ ದಿಕ್ಕು ಬದಲಿಸಿತು, ಉಳಿದವೂ ಖಾಲಿಯಾದವು. ಒಬ್ಬ ಮನುಷ್ಯ ಮಾತ್ರ ಹೊಗೆಯೊಳಗಿಂದ ನಡೆದು ಬಂದು ಎರಡೂ ಕೈ ಮುಗಿದ. ಅವನ ಹೆಸರು ಕುನಾಲ್, ಐಸೆಲಿನ್‌ನವನು.

"ಹವನ?" ಎಂದು ಕೇಳಿದ.

ರಾಜಶೇಖರ ಇಂಗ್ಲಿಷ್ ಹಿಂದಿ ಬೆರೆಸಿ ವಿಷಯ ಹೇಳಿದ. ಕುನಾಲ್ ಗ್ರಿಲ್ ನೋಡಿದ, ಬೆನ್ನುಚೀಲ ನೋಡಿದ, ಕುಂಟುತ್ತಿದ್ದ ಕಾಲು ನೋಡಿದ. "ನಮ್ಮೂರಿನ ಓಕ್ ಟ್ರೀ ರೋಡಿನ ಅಂಗಡಿಗಳಲ್ಲಿ ಇದು ಪ್ಯಾಕೆಟ್ಟಿನಲ್ಲಿ ಸಿಗುತ್ತದಲ್ಲ ಭಾಯಿ. ಅಗರಬತ್ತಿಯ ಕೆಳಗಿನ ಶೆಲ್ಫ್. 'ತಿನ್ನುವುದಕ್ಕಲ್ಲ' ಅಂತ ಬರೆದಿರುತ್ತಾರೆ."

ಶ್ರೀನಿ ಮೊಟ್ಟೆಗಳನ್ನು ಕುನಾಲ್‌ಗೆ ಕೊಟ್ಟ. ತಾನು ಜೈನ ಎಂದು ಕುನಾಲ್ ವಾಪಸು ಕೊಟ್ಟ.

ಸೋಮವಾರ ಹತ್ತು ಗಂಟೆಗೆ ರಾಜಶೇಖರನ ಮನೆಯ ಹೊರಗೆ ಬೂಟುಗಳ ರಾಶಿ ಬಿದ್ದಿತ್ತು. ಕಂಬಳಿ ಹಾಸಿ, ಮಂತ್ರ ಮುಗಿದು, ಈಶಣ್ಣ ಎದ್ದು ನಿಂತು ಮಾತಾಡಿದರು. ನಮ್ಮ ಹಿರಿಯರು ವಿಭೂತಿಯನ್ನು ಐಶ್ವರ್ಯ ಎಂದು ಕರೆದರು, ಆದರೆ ಅದಕ್ಕಾಗಿ ಪ್ರಾಣವನ್ನು ಪಣಕ್ಕಿಟ್ಟವರು ಅಪರೂಪ ಎಂದರು. ಎರಡು ಸಾವಿರ ಡಿಗ್ರಿ ಎಂದರು. ಈ ಅಂಕಿ ಅವರದೇ. ಊರಿನ ಸ್ವಾಮಿಗಳಿಗೆ ಫೋನ್ ಮಾಡಿ ತಿಳಿಸಿದ್ದಾಗಿಯೂ, ಅವರು ಒಂದು ಚಿಟಿಕೆ ಪಾರ್ಸೆಲ್ ಕಳಿಸಲು ಅಪ್ಪಣೆ ಮಾಡಿದ್ದಾಗಿಯೂ ಹೇಳಿದರು. ಗುರು ನೆಲ ನೋಡುತ್ತಿದ್ದ. ಶ್ರೀನಿ ಬಂದಿರಲಿಲ್ಲ, ಕಾರು ತೊಳೆಸಲು ಹೋಗಿದ್ದ.

ಹಿತ್ತಾಳೆ ತಟ್ಟೆಯಲ್ಲಿ ಬೂದಿ ಶಿವಲಿಂಗಮ್ಮನವರ ಮುಂದೆ ಬಂತು. ಎಲ್ಲರಿಗಿಂತ ಮೊದಲು ಹಚ್ಚಿಕೊಳ್ಳಬೇಕಾದವರು ಅವರು. ಅವರು ಒಂದು ಚಿಟಿಕೆ ತೆಗೆದುಕೊಂಡರು. ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿದರು. ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿದರು. ಆಮೇಲೆ ತಟ್ಟೆಯಿಂದ ಏನನ್ನೋ ಎರಡು ಉಗುರಿನಲ್ಲಿ ಹಿಡಿದೆತ್ತಿ ಬೆಳಕಿಗೆ ತೋರಿಸಿದರು. ಅರ್ಧ ಸುಟ್ಟ ಹುಲ್ಲುಕಡ್ಡಿ.

"ಅಳಿಯಾರ," ಎಂದರು ಮೆಲ್ಲಗೆ, "ನಿಮ್ಮ ಅಗ್ನಿಪರ್ವತ ಏನು ಮೇಯ್ತೈತ್ರಿ?"

ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿತು.

ರಾಜಶೇಖರ ಬಾಯಿ ತೆರೆದ. ಎರಡನೆಯ ಮಾತಿನ ಆಸೆ ಬಿಟ್ಟು, ಮೊದಲಿಂದ ಎಲ್ಲ ಹೇಳಿದ. ಗುಡ್ಡ ನಲವತ್ತನಾಲ್ಕು ಕೋಟಿ ವರ್ಷದ ಹಿಂದೆ ಆರಿದ್ದು, ಅದು ಹವಾಯಿಯಲ್ಲಿಲ್ಲದೆ ಸಸೆಕ್ಸ್ ಕೌಂಟಿಯಲ್ಲಿರುವುದು, ತಾವು ಅದನ್ನು ಹತ್ತದೆ ಮೇಲಿನಿಂದ ನೋಡಿದ್ದು, ಕರಡಿಪೆಟ್ಟಿಗೆ, ಗ್ರಿಲ್. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. ಮೂಲೆಯಲ್ಲಿದ್ದ ಒಬ್ಬರು ಹಣೆಯನ್ನು ಕರವಸ್ತ್ರದಿಂದ ಒರೆಸಿಕೊಂಡರು. ಅವರು ಸರದಿ ತಪ್ಪಿಸಿ ಮೊದಲೇ ಹಚ್ಚಿಕೊಂಡಿದ್ದರು.

"ಸಸೆಕ್ಸ್?" ಎಂದರು ಈಶಣ್ಣ. "ಅಲ್ಲಿ ನಾ ಸೇಬು ಹರಿಯಾಕ ಹೋಗತೀನಲ್ಲೋ ತಮ್ಮಾ. ನಾ ಸ್ವಾಮಿಗಳಿಗೆ ಏನ್ ಹೇಳ್ಲಿ?"

"ಸೀಸನ್ ಮುಗೀತು ಅಂತ ಹೇಳ್ರಿ," ಎಂದ ಗುರು. ಯಾರೂ ನಗಲಿಲ್ಲ.

ಬೆಲ್‌ರೋಸ್‌ನವರು, ತಾವು ಸೇತುವೆಗಳಿಗೆ ಟೋಲ್ ಕೊಟ್ಟು ಬಂದವರು ಎಂದು ನೆನಪಿಸಿದರು. ಮಾಳವಿಕಾ ಆಂಟಿ ತಮ್ಮ ಮಾಸ್ಕುಗಳು ಉಳಿದಿವೆಯೇ ಎಂದು ವಿಚಾರಿಸಿದರು. ನಂದಾ ಒಳಗೆ ಹೋಗಿ ಕುಕ್ಕರ್ ಇಳಿಸಿದಳು.

ಶಿವಲಿಂಗಮ್ಮ ಮಾತ್ರ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಬೂದಿಯನ್ನು ಅಂಗೈ ಮೇಲೆ ಹರಡಿ ನೋಡುತ್ತಿದ್ದರು.

"ಉಡಿ ತುಂಬಿದ್ರೇನು?"

"ತುಂಬಿದ್ನಿರಿ. ಆ ಹೊಲದ ಮಾಲಕಿಗೆ."

"ಕೇಳಿ ತಗೊಂಡ್ರಿ?"

"ಕೇಳೇ ತಗೊಂಡಿವ್ರಿ."

"ಸಗಣಿ ಛಲೋ ಐತಿ. ನೀವು ಸುಟ್ಟಿದ್ದು ಸರಿ ಇಲ್ಲ. ಜ್ವಾಲಿ ಎಬ್ಬಿಸೀರಿ. ಇದು ಜ್ವಾಲಿಗೆ ಸುಡೂದಲ್ಲ, ಒಳಗೊಳಗ ಬೇಯಬೇಕು. ನಮ್ಮವ್ವ ಒಂದಿಡೀ ದಿನ ಬೇಯಸ್ತಿದ್ಳು." ಅವರು ಎದ್ದು ನಿಂತರು. ಆರು ತಿಂಗಳಿಂದ ಸೋಫಾದ ತುದಿಯಲ್ಲಿ ಕೂತಿದ್ದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಳೆ ಆಫೀಸಿಗೆ ರಜಾ ಹಾಕ್ರಿ. ಗಾಡಿ ತೆಗೀರಿ. ನನ್ನ ಅಲ್ಲಿಗೆ ಕರಕೊಂಡು ನಡೀರಿ."

ಮಂಗಳವಾರ ಅತ್ತೆ ಅಳಿಯ ಸಸೆಕ್ಸ್ ಕೌಂಟಿಗೆ ಹೋದರು. ಅಗ್ನಿಪರ್ವತದ ಕಡೆ ಶಿವಲಿಂಗಮ್ಮ ಒಮ್ಮೆ ನೋಡಿ, "ಗುಡ್ಡ," ಎಂದರು, ಮತ್ತೆ ನೋಡಲಿಲ್ಲ. ಹುಲ್ಲುಗಾವಲಿನಲ್ಲಿ ಎರಡು ತಾಸು ಅಳಿಯನ ಹಿಂದೆ ನಡೆದರು. ಅವನು ಬಗ್ಗಿ ಮುಟ್ಟಿ ಎತ್ತುತ್ತಿದ್ದ, ಅವರು ನೋಡುತ್ತಿದ್ದರು. ಡೈರಿಯ ಮುದುಕಿ ಹಸಿರು ಖಣವನ್ನು ತಲೆಗೆ ಕಟ್ಟಿಕೊಂಡು ಬಂದಳು. ಇಬ್ಬರು ಹೆಂಗಸರೂ ಬೇಲಿಗೆ ಒರಗಿ ಒಬ್ಬರಿಗೊಬ್ಬರು ಅರ್ಥವಾಗದ ಭಾಷೆಗಳಲ್ಲಿ ಬಹಳ ಹೊತ್ತು ದನದ ವಿಷಯ ಮಾತಾಡಿದರು.

ಬುಧವಾರ ಬೆಳಿಗ್ಗೆ ಹಿತ್ತಲಿನಲ್ಲಿ ಗುಂಡಿ ತೋಡಿ, ಉಂಡೆ ಕಟ್ಟಿ, ಹೊಟ್ಟು ಮುಚ್ಚಿ ಬೆಂಕಿ ಇಟ್ಟರು. ಹನ್ನೊಂದಕ್ಕೆ ಫೈರ್ ಟ್ರಕ್ ಬಂತು. ನಾಲ್ಕು ಜನ ಹೆಲ್ಮೆಟ್ ಹಾಕಿಕೊಂಡು ಗುಂಡಿಯ ಸುತ್ತ ನಿಂತರು. ಇದು ತಾನೇ ನಂದುವ ಬೆಂಕಿಯೋ, ತಾವು ನಂದಿಸಬೇಕಾದ ಬೆಂಕಿಯೋ ಎಂದು ಅವರಲ್ಲಿ ಚರ್ಚೆಯಾಯಿತು. ಶಿವಲಿಂಗಮ್ಮ ನೀರಿನ ಪೈಪಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಕೊನೆಗೆ ಒಂದು ಎಚ್ಚರಿಕೆಯ ಚೀಟಿ, ಶೇಂಗಾ ಹೋಳಿಗೆ ನಾಲ್ಕು, ಎರಡು ಕಡೆಯಿಂದ ವಿನಿಮಯವಾದವು. ಸಂಜೆಗೆ ಬಿಳೀ ಬೂದಿ ಬಂತು. ಸೋಸಿ, ನೀರಿನಲ್ಲಿ ಕಲೆಸಿ, ಆರಿಸಿ, ಗುರುವಾರ ಬೆಳಿಗ್ಗೆ ಗಟ್ಟಿ ಕಟ್ಟಿದರು. ಒಂಬತ್ತು ಗಟ್ಟಿಗಳಾದವು. ಇನ್ನೂ ಹಸಿಯಾಗಿದ್ದವು.

ಅದೇ ರಾತ್ರಿ ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಬರುವವರೆಗೆ ಸಮಯವಿತ್ತು. ಟೆಕ್ಸಾಸಿನಿಂದ ದೊಡ್ಡ ಮಗಳ ಫೋನು ಬಂತು. ಶಿವಲಿಂಗಮ್ಮ ಹಣೆಯ ಮೇಲೆ ಮೂರು ಬಿಳಿ ಗೆರೆ ಎಳೆದುಕೊಂಡು, ಎಂದಿನಂತೆ ಸ್ಪೀಕರ್ ಹಾಕಿಕೊಂಡೇ ಮಾತಾಡಿದರು. ಸೀಟು ಕಿಟಕಿಯದು, ಮಾತ್ರೆ ತಗೊಂಡೀನಿ, ಕೂಸು ಅತ್ತಳು. ಆಮೇಲೆ ಅಳಿಯನ ಕಡೆ ನೋಡದೆ ಹೇಳಿದರು:

"ನಿಮ್ಮ ಮನೆಯವರಿಗೆ ಹೇಳು. ಸಣ್ಣ ಅಳಿಯಾರು ಸಗಣಿ ಛಲೋ ಆರಸ್ತಾರ. ಮುಟ್ಟಿದ ಕೂಡಲೆ ಗೊತ್ತಾಗತೈತಿ ಅವರಿಗೆ, ಯಾವುದು ಒಣಗೈತಿ, ಯಾವುದು ಹಸಿ ಐತಿ ಅಂತ. ಎಲ್ಲಾರಿಗೂ ಬರಂಗಿಲ್ಲ ಅದು."

ರಾಜಶೇಖರ ಟ್ರಾಲಿಯನ್ನು ಹಿಡಿದು ನಿಂತಿದ್ದ. ಹನ್ನೆರಡು ವರ್ಷದ ಮೇಲೆ ಬಂದ ಎರಡನೆಯ ಮಾತು ಇದು.

ಇದಕ್ಕಾಗಿ ಅವನು ಕಳೆದುಕೊಂಡದ್ದು: ಎಡಗಾಲಿನ ಉಗುರು ಎರಡು, ಬೆನ್ನುಚೀಲ ಒಂದು, ಆಫೀಸಿನ ರಜೆ ಮೂರು ದಿನ, ಹಿತ್ತಲಿನ ಹುಲ್ಲು ಎಂಟಡಿಗೆ ಆರಡಿ, ವಾಟ್ಸ್ಯಾಪ್ ಗುಂಪು ಒಂದು.